ಇದು ನಾನು

ಬೆಟ್ಟದ ಸಾಲು ಬೆನ್ನಿಗೆ ಬೀಳುತ್ತಿದ್ದಂತೆ
ಎಫಾದ್ ಫೋನು ತೆಗೆದು ದಿಕ್ಕು ನೋಡಿದ.
ನಾನು ಒಂಟೆಯ ನೆರಳು ನೋಡಿದೆ.
ಇಬ್ಬರ ಲೆಕ್ಕವೂ ಒಂದೇ ಬಂತು.
ತಂಗಿಯ ಮಗನಿಗೆ ಕೊಂಚ ನಿರಾಸೆ.

ನಲವತ್ತೊಂದು ವರ್ಷದ ಮೇಲೆ ಈ ದಾರಿ.
ಆಗ ಅಪ್ಪನ ಸಾಲಿನಲ್ಲಿ ಅರವತ್ತು ಒಂಟೆ,
ಬಾಲಕ್ಕೆ ಹಗ್ಗ, ಹಗ್ಗಕ್ಕೆ ಬಾಯಿ,
ತುದಿಯಲ್ಲಿ ನಾನು, ಹದಿನಾಲ್ಕು ತುಂಬಿರಲಿಲ್ಲ,
ಮುಸುಕು ಕಟ್ಟುವ ವಯಸ್ಸು ಬಂದಿರದೆ
ಮರಳೆಲ್ಲ ಹಲ್ಲಿನ ಸಂದಿಯಲ್ಲಿ.
ಈಗ ಒಂಬತ್ತು. ಅದರಲ್ಲಿ ಮೂರು ಎರವಲು.
ನಡುವೆ ಒಂಟೆಗಳು ಸತ್ತವು, ಅಪ್ಪ ಸತ್ತ,
ಅರ್ಲಿತ್ ಗಣಿಯಲ್ಲಿ ಲಾರಿ ಓಡಿಸಿ ಓಡಿಸಿ
ನನ್ನ ಸೊಂಟ ಸತ್ತಿತು.
ಉಳಿದದ್ದು ಹೇಳಲು ಚಹಾ ಬೇಕು.

ಚಹಾ ಇಲ್ಲಿ ನಡೆಯುತ್ತಲೇ ಕಾಯುತ್ತದೆ,
ಕೆಂಡದ ಡಬ್ಬಿ ಎಫಾದನ ಕೈಯಲ್ಲಿ ತೂಗುತ್ತ.
ಹಗಲು ನಿಂತರೆ ಒಂಟೆ ಕೂರುತ್ತದೆ,
ಕೂತ ಒಂಟೆಗೆ ಹೊರೆ ನೆನಪಾಗುತ್ತದೆ,
ಅಪ್ಪನ ಮಾತು. ಅದಕ್ಕೇ ನಿಲ್ಲುವುದಿಲ್ಲ.

ಮೂರನೆಯ ದಿನ ಅತ್ತೆ-ಅಳಿಯ ಕಂಡರು.
ನಮ್ಮಲ್ಲಿ ಅಳಿಯ ಅತ್ತೆಯೆದುರು ಉಣ್ಣುವುದಿಲ್ಲ,
ಹೆಸರೆತ್ತುವುದಿಲ್ಲ; ಹಾಗೇ ಆ ಬಂಡೆಯೂ
ಮುಸುಕು ಕಣ್ಣಿಗೆಳೆದು, ಬೆನ್ನು ತೋರಿಸಿ
ಯಾವ ಕಾಲದಿಂದಲೋ ನಿಂತಿತ್ತು.
'ಅವನ ಭುಜ ಎಡಕ್ಕೆ ಬಿಡು, ಬಾವಿ ತಪ್ಪದು'
ಎಂದು ಅಪ್ಪ ನನ್ನ ಗದ್ದ ಹಿಡಿದು ತಿರುಗಿಸಿದ್ದ.
ಈಗ ನೋಡಿದರೆ
ಅಳಿಯನ ತಲೆ ಉರುಳಿ ಅತ್ತೆಯ ಮಡಿಲಲ್ಲಿದೆ!
ಮಾನಗೇಡಿ, ಎಂದೆ.
ನಗುತ್ತ ನಗುತ್ತ ಕೆಮ್ಮು ಹತ್ತಿತು.
ಭುಜ ಮಾತ್ರ ಇನ್ನೂ ಅಲ್ಲೇ ಇತ್ತು,
ಎಡಕ್ಕೆ ಬಿಟ್ಟೆವು.

ಹಲ್ಲು-ಬಂಡೆ ಬಂದದ್ದು ಮರುದಿನ ಇಳಿಹೊತ್ತಿಗೆ.
ಅದರಾಚೆ ಬಂಡೆಯಿಲ್ಲ, ಮರವಿಲ್ಲ,
ಬಿಲ್ಮಾದ ಉಪ್ಪಿನವರೆಗೂ ಬರಿ ಮರಳು.
ನೀವು ನಡೀತಿರಿ, ಹುಲ್ಲು ಇಳಿಸಿ ಬಂದೆ, ಎಂದೆ.
ನಿಜ, ಹಿಂದಿರುಗುವಾಗಿನ ಮೇವಿಗೆ ಎರಡು ಸಿವುಡು
ಇಲ್ಲಿ ಬಿಡುವುದು ಪದ್ಧತಿ, ಯಾರೂ ಮುಟ್ಟುವುದಿಲ್ಲ.
ನಿಜವಲ್ಲ, ನನಗೆ ಬೇರೆ ಕೆಲಸವಿತ್ತು.

ಆ ವರ್ಷ ಇದೇ ಬಂಡೆಯ ಉತ್ತರದ ಮೈಮೇಲೆ
ಚೂಪುಗಲ್ಲಿನಿಂದ ಕೆತ್ತಿದ್ದೆ, ಅಮ್ಮ
ಮರಳಲ್ಲಿ ಬೆರಳಿಟ್ಟು ಕಲಿಸಿದ ಅಕ್ಷರ:
ಗೆರೆ, ಚುಕ್ಕಿ, ಸುತ್ತು. 'ಇದು ನಾನು' ಎಂದು.
ಎಲ್ಲರೂ ಹಾಗೇ ಶುರುಮಾಡುವುದು, ಆಮೇಲೆ ಹೆಸರು.
ಹೆಸರಿಗೆಂದು ಕಲ್ಲೆತ್ತುವಷ್ಟರಲ್ಲಿ ಅಪ್ಪ ಸಿಳ್ಳೆ ಹಾಕಿದ.
ಸಾಲು ನಿಲ್ಲುವುದಿಲ್ಲ. ಓಡಿದೆ.
ಗಣಿಯ ರಾತ್ರಿಪಾಳಿಯಲ್ಲಿ, ಹೆಡ್‌ಲೈಟಿನ ಧೂಳಿನೊಳಗಿಂದ
ಎಷ್ಟೋ ಸಲ ಅದು ಎದ್ದು ಬರುತ್ತಿತ್ತು:
ಇದು ನಾನು, ಇದು ನಾನು.
ಯಾರು?

ಕಣ್ಣಿಗೆ ಪೊರೆ. ಅಂಗೈಯಲ್ಲಿ ತಡವಿದೆ.
ಗೆರೆ ಸಿಕ್ಕಿತು, ಚುಕ್ಕಿ ಸಿಕ್ಕಿತು, ಸುತ್ತು.
ಸುತ್ತಿನ ಪಕ್ಕ ನಾನು ಬಿಟ್ಟ ಖಾಲಿ ಜಾಗ
ಖಾಲಿಯಿರಲಿಲ್ಲ.
ಹಗುರ ಕೈ, ಆಳವಿಲ್ಲದ ಗೀರು.
ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದೆ:
ತಿನಾಲ್ಹೆರ್.

ಯಾರೋ ಹುಡುಗಿ.
ಬುಡದಲ್ಲಿ ಆಡಿನ ಹಿಕ್ಕೆ, ಒಣಗಿ ಕಲ್ಲಾದದ್ದು.
ಮಂದೆ ಅಟ್ಟಿಕೊಂಡು ಬಂದವಳು, ಮಧ್ಯಾಹ್ನದ ನೆರಳಲ್ಲಿ
ಅರ್ಧ ಮಾತೊಂದು ಬಿದ್ದಿರುವುದು ಕಂಡು
ಸುಮ್ಮನೆ ಹಾಳಾಗದಿರಲೆಂದು ಮುಗಿಸಿರಬೇಕು,
ಯಾರೋ ಬಿಟ್ಟೆದ್ದ ಕೆಂಡದಲ್ಲಿ
ತನ್ನ ಚಹಾ ಕಾಸಿಕೊಂಡಂತೆ.
ಈಗ ಅವಳಿಗೆ ಮೊಮ್ಮಕ್ಕಳೂ ಇರಬಹುದು.
ಸಿಟ್ಟು ಬರಬೇಕಿತ್ತು. ಕಾದೆ. ಬರಲಿಲ್ಲ.

ಕೈಯಲ್ಲಿ ಚೂಪುಗಲ್ಲು ಇತ್ತು, ಬಂಡೆ ದೊಡ್ಡದಿತ್ತು.
ದೂರದಲ್ಲಿ ಎಫಾದ್ ಸಿಳ್ಳೆ ಹಾಕಿದ,
ಅಪ್ಪನದೇ ಸಿಳ್ಳೆ, ಯಾರು ಕಲಿಸಿದರೋ.
ಸಿವುಡುಗಳನ್ನು ಅವಳ ಹೆಸರಿನ ಕೆಳಗೆ ಒರಗಿಸಿ
ಗಾಳಿಗೆ ಹಾರದಂತೆ ಕಲ್ಲು ಹೇರಿದೆ,
ಚೂಪಿನದೂ ಸೇರಿ.
ಉಪ್ಪು ಹೊತ್ತು ಬರುವಾಗ ನೋಡೋಣ.
ಸೊಂಟ ಹಿಡಿದುಕೊಂಡು ಓಡಿದೆ.