ಕೊನೆಯ ಮಾರಿನ ಬೆಲೆ

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ನನ್ನದು
ಕಬ್ಬಿಣ ಮುಟ್ಟದ ಕೆಲಸ.
ನಾಳೆಯನ್ನು ತೊಂಬತ್ತಾರು ಚೂರು ಮಾಡಿ
ಚೂರುಚೂರಿಗೂ ಕರೆಂಟಿನ ಬೆಲೆ ನೋಡುವುದು,
ಕುಲುಮೆಗೆ ಯಾವಾಗ ಹಸಿವಾಗಬೇಕೆಂದು
ಚೀಟಿ ಬರೆದು ಗುತ್ಯಪ್ಪನ ಕೈಗಿಡುವುದು.

"ರಾತ್ರಿ ಎರಡೂಕಾಲಿಗಾ ಮೇಡಂ?"
"ಹೌದು, ಆಗ ಅಗ್ಗ."
ಆತ ಮಫ್ಲರು ಬಿಗಿದುಕೊಳ್ಳುತ್ತಾನೆ.

ಬರುವ ವರ್ಷ ಹೊಗೆಗೂ ದರ ಕಟ್ಟುತ್ತಾರಂತೆ,
ಟನ್ನಿಗಿಷ್ಟು ಅಂತ.
ಸಾಹುಕಾರರು ಕನ್ನಡಕ ಹಣೆಗೇರಿಸಿ ನಕ್ಕರು:
"ಸುಡುವವರು ಕಟ್ಟಲಿ ಬಿಡಿ. ನಮ್ಮದು
ಇಲ್ಲೇ ಶರಾವತಿಯ ಕರೆಂಟು,
ನೀರಿಗೆಲ್ಲಿಯ ಹೊಗೆ?"

ಅಮ್ಮ ನೆನಪಾದಳು.
ಗಾಂಧಿ ಬಜಾರಿನ ಮೂಲೆಯಲ್ಲಿ ಗೋಣಿ ಹಾಸಿ
ಹಿತ್ತಲ ಕಾಕಡ ಮಾರುತ್ತಿದ್ದಳು.
ಲಗ್ನದ ಮುಂಜಾನೆ ಊರ ಹೂವೆಲ್ಲ ಸಾಲದೆ
ಹಿರಿಯೂರಿನ ಬಸ್ಸಿಗೆ ಕಾಯುತ್ತಿತ್ತು ಪೇಟೆ.
ಕೊನೆಯ ಬುಟ್ಟಿ ಇಳಿಯಿತೋ,
ಬಸ್ ಚಾರ್ಜು, ಹಮಾಲಿ, ಕಂಡಕ್ಟರನ ಚಹಾ
ಎಲ್ಲ ಕೂಡಿಸಿ ಅದು ಹೇಳಿದ್ದೇ
ಎಲ್ಲರ ಮಾರಿಗೂ ಬೆಲೆ.
ಬಸ್ಸೇ ಹತ್ತದ ನಮ್ಮ ಕಾಕಡಕ್ಕೂ
ಬಸ್ ಚಾರ್ಜು ಸೇರುತ್ತಿತ್ತು.

"ಇದು ಮೋಸ ಅಲ್ವೇನಮ್ಮ?"
ನೂಲು ಹಲ್ಲಲ್ಲಿ ಕಚ್ಚಿಕೊಂಡೇ ಅಂದಿದ್ದಳು:
"ಮೋಸ ಅಲ್ಲ ಕಣೇ, ಸಂತೆ.
ಮಿಕ್ಕಿದ್ದನ್ನ ಏನ್ ಮಾಡ್ತೀಯ ಅನ್ನೋದ್ರಲ್ಲಿರೋದು ಮೋಸ."
ಆ ಮಿಕ್ಕಿದ್ದರಲ್ಲೇ ನನ್ನ ಬಿ.ಕಾಂ. ಫೀಸು.

ಸಾಹುಕಾರರಿಗೆ ಇಷ್ಟೇ ಹೇಳಿದೆ:
ಕೊನೆಯ ಯೂನಿಟ್ಟು ಯಾವ ಒಲೆಯಿಂದ ಬರುತ್ತದೋ
ಆ ಒಲೆಯ ಮಸಿ
ಎಲ್ಲರ ಬಿಲ್ಲಿಗೂ ಹತ್ತುತ್ತದೆ, ಸಾರ್.

ಎರಡೂಕಾಲು.
ಕುಲುಮೆ ಗುಂಯ್‌ಗುಟ್ಟಿತು.
ಗುಜರಿ ಕೆಂಪಾಗಿ, ಹಳದಿಯಾಗಿ,
ಮುರಿದ ಗಿರಣಿಯ ಹಲ್ಲು, ಪಂಪಿನ ಹೊಟ್ಟೆ,
ಯಾರದೋ ಗೇಟಿನ ಬಳ್ಳಿ
ಒಂದೇ ನೀರಾಯಿತು.
ಗುತ್ಯಪ್ಪ ಬೆವರೊರೆಸಿ ಕೇಳಿದ:
"ಸಾಹುಕಾರ್ರಿಗೆ ಹೇಳ್ತಿದ್ರಲ್ಲ, ಕೇಳಿಸ್ಕೊಂಡೆ.
ಹೊಗೆ ಇಲ್ದಿರೋ ನೀರಿಗೆ
ಹೊಗೆ ರೇಟು ಬಂದ್ರೆ, ಆ ಜಾಸ್ತಿ ದುಡ್ಡು
ಯಾರಿಗೆ ಮೇಡಂ?"

"ಮಾರಿದವರಿಗೆ."

"ಓ," ಅಂದ. ಅಷ್ಟೇ.

ನನಗೆ ಗೊತ್ತು, ಅವನಜ್ಜನ ಗದ್ದೆ
ಲಿಂಗನಮಕ್ಕಿಯ ನೀರಡಿಯಲ್ಲಿದೆ.
ಕೆಲವು ಬೇಸಿಗೆ, ನೀರು ಬಹಳ ಇಳಿದಾಗ,
ಒಂದು ದಿನ ರಜೆ ಹಾಕಿ ಹೋಗಿ
ಅಂಗಳದ ಒರಳುಕಲ್ಲು ಮುಟ್ಟಿ ಬರುತ್ತಾನೆ.
ರಜೆಚೀಟಿಯಲ್ಲಿ "ಸ್ವಂತ ಕೆಲಸ" ಅಂತಿರುತ್ತದೆ.
ಅದಕ್ಕೆ ನನ್ನ ತೊಂಬತ್ತಾರು ಚೂರುಗಳಲ್ಲಿ
ಕಾಲಮ್ಮಿಲ್ಲ.

ಮೂರೂಕಾಲು.
ಚೀಟಿಯ ಪ್ರಕಾರ ಇನ್ನು ಬೆಲೆ ಏರುತ್ತದೆ.
"ಸುರೀರಿ," ಅಂದೆ.