ಮುಟ್ಟದ ಕಾಗದ

ಬೆಳಗಿನ ಆರೂಕಾಲಿಗೆ ಬಾಗಿಲು ಬಡಿದವನು
ಕೆಟ್ಟವನಲ್ಲ. ಗಂಟಲು ಕಟ್ಟಿತ್ತು ಅವನಿಗೆ,
ಕೆಮ್ಮುತ್ತಲೇ ನನ್ನ ಹೆಸರು ಓದಿದ:
ಡೀನಾ ರಡ್‌ಸ್ಟನ್?
ಹೌದೆನ್ನುವಷ್ಟರಲ್ಲಿ
ನನ್ನ ಕಾರಿನ ಚಕ್ರಕ್ಕೆ ಹಳದಿ ಬೇಡಿ ಬಿದ್ದಿತ್ತು.

ನಾನೂರ ಇಪ್ಪತ್ತೈದು ಪೌಂಡು, ಅಂದ.
ಯಾತಕ್ಕೆ?
ಬಸ್ಸಿನ ದಾರಿಯಲ್ಲಿ ಕಾರು ಓಡಿಸಿದ್ದಕ್ಕೆ.
ಎಪ್ಪತ್ತಿದ್ದದ್ದು ಮರಿ ಹಾಕಿದೆ,
ಮರಿಗಳೂ ಮರಿ ಹಾಕಿವೆ.
ಐದು ಸಲ ಬರೆದರಂತೆ. ಐದೂ ಸಲ
ನಾನು ಸುಮ್ಮನಿದ್ದೆನಂತೆ.
ಎಲ್ಲಿಗೆ ಬರೆದಿರಿ?
ಅವನು ಓದಿದ ಮನೆ ನಂಬರು ಕೇಳಿ
ಕಾಲ ಕೆಳಗಿನ ಚಾಪೆ ತಣ್ಣಗಾಯಿತು.

ಹಲ್ ಶಹರದ ಆ ಮನೆ ಬಿಟ್ಟು ಹದಿನಾಲ್ಕು ತಿಂಗಳು.
ಲೈಸೆನ್ಸಿಗೆ ಹೊಸ ವಿಳಾಸ ಬರೆಸಿದ್ದೆ,
ಬ್ಯಾಂಕಿಗೆ, ಹಲ್ಲಿನ ಡಾಕ್ಟರಿಗೆ, ಬೆಕ್ಕಿನ ಡಾಕ್ಟರಿಗೂ.
ಕಾರಿನ ಪುಸ್ತಕಕ್ಕೆ ಬೇರೆಯೇ ಕಾಗದ ಕಳಿಸಬೇಕೆಂದು
ನನಗೆ ಗೊತ್ತಿರಲಿಲ್ಲ.
ಸುಳ್ಳು. ಗೊತ್ತಿತ್ತು. ಮರೆತೆ.

ನಾನೀಗಿರುವ ವಿದರ್ನ್ಸಿಯಲ್ಲಿ
ಕಡಲು ವರ್ಷಕ್ಕಿಷ್ಟು ಎಂದು ನೆಲ ತಿನ್ನುತ್ತದೆ.
ಆಚೆ ತುದಿಯ ಮೂರು ಮನೆ ನಂಬರುಗಳು
ಕಳೆದ ಚಳಿಗಾಲ ನೀರಿಗೆ ಬಿದ್ದವು.
ಟಪಾಲಿನವನು ಈಗಲೂ ಆ ಕಾಗದಗಳನ್ನು
ಚೀಲದ ತಳದಲ್ಲಿ ಹೊತ್ತು ತಿರುಗುತ್ತಾನೆ.
ನನ್ನ ಕೆಲಸವೋ, ಕ್ಯಾರವಾನುಗಳಿಗೆ ಪರದೆ ಹೊಲಿಯುವುದು:
ದಿನಕ್ಕೆ ನಲವತ್ತು ಕಿಟಕಿ,
ವಿಳಾಸವೇ ಇರದ ಮನೆಗಳಿಗೆ.

ಕೋರ್ಟಿನ ಕೌಂಟರಿನಲ್ಲಿ ಹುಡುಗಿ ಫಾರಂ ಕೊಟ್ಟಳು.
'ನೋಟೀಸು ನನಗೆ ತಲುಪಲಿಲ್ಲ',
ಪಕ್ಕದಲ್ಲೊಂದು ಚೌಕ.
ತಡವಾದದ್ದಕ್ಕೆ ಕಾರಣ ಬರೆಯಲು ನಾಲ್ಕು ಗೆರೆ.
ಬಂದದ್ದಕ್ಕೆ ಪುರಾವೆ ತೋರಿಸಬಹುದು,
ಬಾರದ್ದಕ್ಕೆ ಏನು ತೋರಿಸಲಿ?
ಖಾಲಿ ಚಾಪೆಯನ್ನೇ ಸುತ್ತಿ ತರಲೇ?
ಅವಳು ನಗಲಿಲ್ಲ. ನೀಲಿ ಇಂಕಲ್ಲ, ಕಪ್ಪು, ಅಂದಳು.

ಹಾಗಾಗಿ ಹೋದೆ, ಹಳೆಯ ಬಾಗಿಲಿಗೆ.
ಬಾಗಿಲಿಗೆ ಹಸಿರು ಬಣ್ಣ ಬಂದಿತ್ತು.
ಇವೋನಾ ಎಂಬಾಕೆ, ಕೈಯೆಲ್ಲ ಹಿಟ್ಟು,
ಮೊಣಕೈಯಿಂದ ತೆರೆದಳು.
ಮೂರು ಲಕೋಟೆಗಳ ಮೇಲೆ ಬರೆದೆ, ಅಂದಳು,
ಈ ಹೆಸರಿನವರು ಇಲ್ಲಿಲ್ಲ ಎಂದು ಬರೆದು
ಮೂರನ್ನೂ ಮರಳಿ ಡಬ್ಬಿಗೆ ಹಾಕಿದೆ.
ಕೊನೆಯದನ್ನು ಮಾತ್ರ ಇಟ್ಟುಕೊಂಡೆ.
ಇಷ್ಟು ಸಲ ಕರೆಯುತ್ತಾರೆಂದರೆ
ನೀವು ಯಾರಿಗೋ ತುಂಬಾ ಬೇಕಾದವರಿರಬೇಕು ಅನ್ನಿಸಿತು.

ಹಿಟ್ಟಿನ ಬೆರಳಚ್ಚಿರುವ ಆ ಲಕೋಟೆ,
ಅವಳು ಬರೆದುಕೊಟ್ಟ ಎರಡು ಸಾಲು,
ಇಷ್ಟೇ ನನ್ನ ದಾಖಲೆ.
ತಪ್ಪು ಮಾಡಿಲ್ಲವೆಂದು ಪ್ರಮಾಣ ಮಾಡಲಿಲ್ಲ.
ಯಾರೂ ಅದನ್ನು ಕೇಳಲೂ ಇಲ್ಲ.
ಕಾಗದ ಮುಟ್ಟಲಿಲ್ಲ ಎಂದಷ್ಟೇ ಹೇಳಿ ಸಹಿ ಹಾಕಿದೆ.
ನನ್ನ ಬದುಕಿನಲ್ಲಿ
ಇಷ್ಟು ಚಿಕ್ಕ ಸತ್ಯಕ್ಕೆ
ಇಷ್ಟು ದೊಡ್ಡ ಮೊಹರು ಬಿದ್ದದ್ದಿಲ್ಲ.

ಆರು ವಾರಕ್ಕೆ ಎಲ್ಲ ಹಿಂದಕ್ಕೆ ಸರಿಯಿತು.
ನಾನೂರು ಮತ್ತೆ ಎಪ್ಪತ್ತಾಯಿತು,
ಬೇಗ ಕಟ್ಟಿದರೆ ಅದರರ್ಧ.
ಮೊದಲ ನೋಟೀಸು ಮತ್ತೊಮ್ಮೆ ಹುಟ್ಟಿ
ಈ ಸಲ ಸರಿಯಾದ ಚಾಪೆಗೆ ಬಿತ್ತು,
ಒಳಗೆ ಚಿತ್ರ.

ಬೆಳಗಿನ ಏಳು ಇಪ್ಪತ್ತು, ಆನ್ಲಾಬಿ ರಸ್ತೆ.
ಕಾರಿನ ನೆತ್ತಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗದಲ್ಲಿ ಬಿಗಿದ
ಅತಿಥಿಗಳ ಕೋಣೆಯ ಹಾಸಿಗೆ.
ಹಿಂದಿನ ಗಾಜಿನ ತುಂಬ ಚೀಲಗಳು,
ಅವುಗಳ ಮೇಲೆ ಬೆಕ್ಕಿನ ಬುಟ್ಟಿ.
ರಾತ್ರಿ ಪಾಳಿ ಮುಗಿಸಿ ಎಂಟಕ್ಕೆ ಅವನು ಬರುತ್ತಿದ್ದ.
ಅಷ್ಟರೊಳಗೆ ಸೇತುವೆ ದಾಟಬೇಕಿತ್ತು.
ಬಸ್ಸಿನ ದಾರಿ ಖಾಲಿಯಿತ್ತು.

ನಾನು ಮನೆ ಬಿಡುವುದನ್ನು ಕಣ್ಣಾರೆ ಕಂಡ ಕ್ಯಾಮೆರಾ
ನಾನು ಬಿಟ್ಟ ಮನೆಗೇ ಕಾಗದ ಹಾಕಿದೆ.

ಮೂವತ್ತೈದು ಕಟ್ಟಿದೆ. ತಕರಾರಿಲ್ಲ.
ಕಾರಿನ ಪುಸ್ತಕವನ್ನೂ ಕಳಿಸಿದೆ.
ಪಾತ್ರೆ ತೊಳೆಯುವಾಗ ತಟ್ಟನೆ ಲೆಕ್ಕ ಹೊಳೆಯಿತು:
ಕಾಗದಗಳು ಐದು.
ಇವೋನಾ ನೋಡಿದ್ದು ನಾಲ್ಕು.
ಮೊದಲನೆಯದು ಬಂದಾಗ ಆ ಬಾಗಿಲಿಗಿನ್ನೂ
ಅವನದೇ ಕಂದು ಬಣ್ಣ.
ಚಿತ್ರವಿದ್ದದ್ದು ಅದರಲ್ಲಿ.

ನಲ್ಲಿ ಹರಿಯುತ್ತಲೇ ಇತ್ತು.