ಇವನಲ್ಲ

ಉಲಾನ್‌ಬಾತರಿನ ರೈಲ್ವೆ ಕಚೇರಿ, ಮೂರನೆಯ ಮಹಡಿ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಇಂಥ ಊರಲ್ಲೂ ಕರೆಂಟು ಸುಟ್ಟು ತಂಪು ಮಾಡುವ ಯಂತ್ರದ ಕೋಣೆಯಲ್ಲಿ
ಖಂದ್‌ಸುರೆನ್ ಶಾಲು ಹೊದ್ದು ಕೂತಿದ್ದಾಳೆ.

ಇಂದು ಕ್ಲೌಡಿನ ಬಾಗಿಲಿಗೆ ಹೊಸ ಪದ್ಧತಿ.
ಇದುವರೆಗೆ ಅದು ತನ್ನದೇ ಪುಸ್ತಕ ಇಟ್ಟುಕೊಂಡಿತ್ತು,
ಬರುವವರ ಹೆಸರು, ಪಾಸ್‌ವರ್ಡು, ಎಲ್ಲ ತಾನೇ ಬರೆದು.
ಇನ್ನು ಅದಕ್ಕೆ ಯಾರ ಗುರುತೂ ಇರಕೂಡದು.
ಕದ ತಟ್ಟಿದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ
ಆಚೆ ಕಟ್ಟಡದ ಹಳೆಯ ಡೈರೆಕ್ಟರಿಯನ್ನು ಕೇಳಬೇಕು:
ಇವನು ನಿಮ್ಮವನೇ?
ಅದು ಹೂಂ ಅಂದರೆ ಹೂಂ.

ಸರ್ವರಿನ ವಿಳಾಸ ಬರೆದಳು. ಪೋರ್ಟು ಆರುನೂರ ಮೂವತ್ತಾರು.
ಪ್ರಮಾಣಪತ್ರ ಅಂಟಿಸಿದಳು, ಕೊನೆಯ ಸಾಲು ಬಿಟ್ಟುಹೋಗಿ ಮತ್ತೊಮ್ಮೆ.
ಕೇಳಲು ಹೋಗುವವನಿಗೂ ಒಂದು ಗುರುತು ಬೇಕಲ್ಲ,
ಓದಬಲ್ಲ, ಆದರೆ ಏನನ್ನೂ ತಿದ್ದಲಾರದ
ಒಬ್ಬ ಜವಾನನನ್ನು ಹುಟ್ಟಿಸಿದಳು.
ಆಮೇಲೆ ಒಂದು ಖಾನೆ: ಕುಟುಂಬದ ಹೆಸರು, ಕಡ್ಡಾಯ.
ನಕ್ಕಳು.
ಇಲ್ಲಿ ಅಪ್ಪನ ಮೊದಲಕ್ಷರ, ಒಂದು ಚುಕ್ಕಿ, ಆಮೇಲೆ ತಾನು.
ಕುಲದ ಹೆಸರನ್ನು ಅಜ್ಜಂದಿರ ಕಾಲದಲ್ಲೇ ಸರ್ಕಾರ ಅಳಿಸಿತ್ತು.
ಮರಳಿ ಹುಡುಕಿಕೊಳ್ಳಿ ಎಂದಾಗ
ನೆನಪಿಲ್ಲದವರು ರಾಶಿರಾಶಿಯಾಗಿ ಒಂದೇ ದೊಡ್ಡ ಕುಲಕ್ಕೆ ಸೇರಿದರು.
ಖಾನೆಯಲ್ಲಿ ಅಪ್ಪಂದಿರನ್ನು ತುಂಬಿದಳು.

ಪರೀಕ್ಷೆಗೆ ಒಬ್ಬ ಬೇಕಿತ್ತು.
ಚೊಯಿರ್ ನಿಲ್ದಾಣದ ರಾತ್ರಿಪಾಳಿಯ ನೆರ್ಗುಯಿ ಫೋನಿಗೆ ಸಿಕ್ಕ,
ಎಂಜಿನ್ ವಿಭಾಗ, ಬಾಯಿತುಂಬ ಉಪ್ಪಿನ ಚಹಾ.
ನೆರ್ಗುಯಿ ಅಂದರೆ ಹೆಸರಿಲ್ಲದವನು.
ಅವನಿಗಿಂತ ಮೊದಲು ಹುಟ್ಟಿದ ಇಬ್ಬರನ್ನು ಏನೋ ಬಂದು ಒಯ್ದಿತ್ತು.
ಮೂರನೆಯದು ಅತ್ತಾಗ ಅವ್ವ ಆ ಏನೋಗೆ ಸುಳ್ಳು ಹೇಳಿದಳು:
ಇಲ್ಲಿ ಯಾರೂ ಇಲ್ಲ, ಹೆಸರೇ ಇಲ್ಲ.
ನಮ್ಮಲ್ಲಿ ತಿಪ್ಪೆಯಲ್ಲಿ ಹೊರಳಿಸಿ ತಿಪ್ಪ ಎಂದು ಕೂಗಿದ ಹಾಗೆ.
ಖಂದ್‌ಸುರೆನಳ ಮೇಲಧಿಕಾರಿ ಎನೆಬಿಶ್, ಅಂದರೆ ಇವನಲ್ಲ.
ಅವನ ತಮ್ಮ ತೆರ್ಬಿಶ್. ಅವನಲ್ಲ.

ಹೆಸರಿಲ್ಲದವನು ತನ್ನ ಹೆಸರು ಒತ್ತಿದ.
ಬಾಗಿಲು ಹೋಗಿ ಕೇಳಿತು. ಡೈರೆಕ್ಟರಿ ಹೂಂ ಅಂದಿತು.
ಆದರೂ ಕದ ತೆರೆಯಲಿಲ್ಲ.
ಲಾಗಿನಲ್ಲಿ ಒಂದೇ ಸಾಲು:
ಗುರುತು ಸರಿ. ಗುಂಪು ಸಿಗಲಿಲ್ಲ.
"ನೀನು ಗೊತ್ತು ಅನ್ನುತ್ತೆ, ಒಳಗೆ ಬಾ ಅನ್ನಲ್ಲ,
ಥೇಟ್ ನನ್ನ ಮಾವ," ಎಂದ ಅವನು.

ಎರಡೂ ಕಡೆಯ ಗುಂಪನ್ನು ಅಕ್ಕಪಕ್ಕ ಇಟ್ಟು ನೋಡಿದಳು.
ಜುತ್‌ಗೂರ್. ಜುತ್‌ಗೂರ್.
ನಿದ್ದೆಗಣ್ಣಿಗೆ ಅವಳಿ.
ಒಂದೊಂದೇ ಅಕ್ಷರದ ಸಂಖ್ಯೆ ಎಣಿಸುವಾಗ ರಾತ್ರಿ ಎರಡು ಗಂಟೆ:
ಡೈರೆಕ್ಟರಿಯ ಉಕಾರದ ಬಾಲ ನೇರ,
ಇಲ್ಲಿಯದು ಎಡಕ್ಕೆ ಓರೆ.
ಎಂದೋ ಯಾರೋ ರಷ್ಯನ್ ಕೀಲಿಮಣೆಯಲ್ಲಿ
ಅವಸರಕ್ಕೆ ಒತ್ತಿದ್ದು.

ಬಾಲ ನೆಟ್ಟಗಾಯಿತು.
ಆಚೆ ತುದಿಯಲ್ಲಿ ಬಟ್ಟಲು ಕೆಳಗಿಟ್ಟ ಸದ್ದು.
"ಬಂತು. ನಾಳಿನ ಗೂಡ್ಸುಗಳೆಲ್ಲ ಕಾಣ್ತಿವೆ.
ಮೇಲೆ ಮೂಲೆಯಲ್ಲಿ ಬರೆದಿದೆ, ಸ್ವಾಗತ, ನೆರ್ಗುಯಿ."
ಆಮೇಲೆ ದನಿ ತಗ್ಗಿಸಿ:
"ಇದನ್ನ ಯಾರ್ಯಾರು ನೋಡಬಹುದು?"
"ನಿನ್ನ ಗುಂಪಿನವರು. ನಾನು."
"ಬೇರೆ?"
"ಇಲ್ಲಿ ಯಾರೂ ಇಲ್ಲ," ಎಂದಳು.

ಹಳೆಯ ಪುಸ್ತಕವನ್ನು ಪೂರ್ತಿ ಸುಡಲಿಲ್ಲ.
ಡೈರೆಕ್ಟರಿ ಮೂಕವಾದ ದಿನಕ್ಕಿರಲಿ ಎಂದು
ಒಳಗಿನದೇ ಒಂದು ಹೆಸರು ಉಳಿಸಿ,
ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು
ಲಕೋಟೆಗೆ ಹಾಕಿ, ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿ,
ಯಾರ ಕೈಗೆ ಮಾತ್ರ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಳು:
ಎನೆಬಿಶ್.